ಚಿಲ್ಲಿಯನ್ನು ಯಾರು ಕೇಳಿದರು?

ನಾಯಿಗಳ ಕಾರ್ಟೂನ್ ನೋಡಿ ಅತ್ತಿದ್ದೇನೆ. ನಗುವವರು ಈಗಲೇ ನಕ್ಕುಬಿಡಿ, ಕಾಯುತ್ತೇನೆ.

ಆಯ್ತಾ? ಸರಿ.

ಕಾರ್ಟೂನಿನ ಹೆಸರು ಬ್ಲೂಯಿ. ಮನೆಯಲ್ಲಿ ಚಿಕ್ಕ ಮಗು ಇದ್ದರೆ ಪರಿಚಯ ಮಾಡಿಕೊಡುವುದೇ ಬೇಡ, ಆ ಟೈಟಲ್ ಮ್ಯೂಸಿಕ್ ನಿಮ್ಮ ಕನಸಿನಲ್ಲೂ ಬರುತ್ತಿರುತ್ತದೆ. ಇಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಹೀಲರ್ ಅನ್ನುವ ಒಂದು ನಾಯಿ ಕುಟುಂಬ. ದೊಡ್ಡ ಮಗಳು ಬ್ಲೂಯಿ, ಚಿಕ್ಕವಳು ಬಿಂಗೊ. ಅಪ್ಪ ಬ್ಯಾಂಡಿಟ್, ಪುರಾತತ್ವದ ಕೆಲಸ. ಅಮ್ಮ ಚಿಲ್ಲಿ, ಏರ್‌ಪೋರ್ಟಿನಲ್ಲಿ ಸೆಕ್ಯುರಿಟಿ ಕೆಲಸ. ಅಮ್ಮನಿಗೂ ಒಂದು ಕೆಲಸ ಇದೆ ಅನ್ನೋದನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ಜೋ ಬ್ರಮ್ ಎನ್ನುವವರು ಇದನ್ನು ಶುರು ಮಾಡಿದ್ದು 2018ರಲ್ಲಿ. ಒಂದು ಎಪಿಸೋಡು ಏಳು ನಿಮಿಷ. ಮಕ್ಕಳು ಆಟ ಆಡುತ್ತಾರೆ, ಅಪ್ಪ ಅಮ್ಮ ಸಿಕ್ಕಿಹಾಕಿಕೊಳ್ಳುತ್ತಾರೆ, ನಗು ಬರುತ್ತದೆ, ಮುಗಿಯುತ್ತದೆ. ಇಷ್ಟೇ.

ಇಷ್ಟೇ ಅಂದೆ. ಆದರೆ 2024ರಲ್ಲಿ ಅಮೆರಿಕದಲ್ಲಿ ಜನ ಇದನ್ನು ಒಟ್ಟು 5,562 ಕೋಟಿ ನಿಮಿಷ ನೋಡಿದ್ದಾರೆ. ಜನ ಏನು ನೋಡುತ್ತಾರೆ ಅಂತ ಎಣಿಸುವ ನೀಲ್ಸನ್ ಕಂಪನಿಯ ಲೆಕ್ಕ ಅದು. ಆ ವರ್ಷ ಅಲ್ಲಿ ಸ್ಟ್ರೀಮಿಂಗ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಓಡಿದ್ದು ಇದೇ. ಕೊಲೆ, ಪೊಲೀಸು, ರಾಜರು, ಡ್ರ್ಯಾಗನ್ನು ಎಲ್ಲವನ್ನೂ ಹಿಂದೆ ಹಾಕಿದ್ದು ಒಂದು ನೀಲಿ ನಾಯಿಮರಿ. ಅಷ್ಟೂ ನಿಮಿಷ ಮಕ್ಕಳೇ ನೋಡಿದರು ಅಂದರೆ ನಾನು ನಂಬುವುದಿಲ್ಲ. ನಮ್ಮ ಮನೆಯಲ್ಲಿ ಮಗಳು ಮಲಗಿದ ಮೇಲೂ ಓಡಿದ್ದಿದೆ.

ಇವತ್ತಿನ ವಿಷಯ ಒಂದೇ ಒಂದು ಎಪಿಸೋಡು. ಹೆಸರು ‘ದ ಸೈನ್’. ಬೋರ್ಡು ಅಂತ ಇಟ್ಟುಕೊಳ್ಳಿ. 2024ರ ಏಪ್ರಿಲ್ 14ರಂದು ಬಂತು. ಏಳು ನಿಮಿಷದ ಕಾರ್ಟೂನು ಅವತ್ತು ಇಪ್ಪತ್ತೆಂಟು ನಿಮಿಷ ಇತ್ತು. ಒಂದು ವಾರ ಮುಂಚಿನ ಎಪಿಸೋಡಿನ ಕೊನೆಯಲ್ಲಿ ಬ್ಲೂಯಿ ಮನೆ ಮುಂದೆ ‘ಮಾರಾಟಕ್ಕಿದೆ’ ಬೋರ್ಡು ತೋರಿಸಿ ಬಿಟ್ಟಿದ್ದರು. ಸಾಲದು ಅಂತ ಆಸ್ಟ್ರೇಲಿಯಾದಲ್ಲಿ ಮನೆ ಮಾರುವ ವೆಬ್‌ಸೈಟ್ ಒಂದರಲ್ಲಿ ಆ ಕಾರ್ಟೂನ್ ಮನೆಯ ಜಾಹೀರಾತನ್ನೂ ಹಾಕಿದರು. ಅಭಿಮಾನಿಗಳಿಗೆ ನಿದ್ದೆ ಹೋಯಿತು. ಬ್ಲೂಯಿ ಮುಗಿದೇ ಹೋಗುತ್ತದೆ ಅಂತ ಕೆಲವರು ಆಗಲೇ ಅಳೋಕೆ ಶುರು ಮಾಡಿದ್ದರು. ಇನ್ನೂ ಎಪಿಸೋಡೇ ಬಂದಿಲ್ಲ!

ಕಥೆ ಹೀಗೆ. ಬ್ಯಾಂಡಿಟ್‌ಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿದೆ, ಸಂಬಳ ಜಾಸ್ತಿ. ಮನೆ ಮಾರುತ್ತಾರೆ. ಅದೇ ಹೊತ್ತಿಗೆ ಆ ಮನೆಯಲ್ಲೇ ಒಂದು ಮದುವೆ. ಬ್ಯಾಂಡಿಟ್‌ನ ಅಣ್ಣ ರ‍್ಯಾಡ್, ಚಿಲ್ಲಿಯ ಗೆಳತಿ ಫ್ರಿಸ್ಕಿ. ಮದುವೆಯ ದಿನ ಫ್ರಿಸ್ಕಿ ಕಾರು ಹತ್ತಿ ಹೊರಟೇ ಹೋಗುತ್ತಾಳೆ. ಯಾಕೆ? ಮದುವೆ ಆದ ಮೇಲೆ ತನ್ನ ಕೆಲಸ ಇರುವ ದೂರದ ಊರಿಗೆ ಅವಳು ಬರುತ್ತಾಳೆ ಅಂತ ರ‍್ಯಾಡ್ ಅಂದುಕೊಂಡಿದ್ದಾನೆ. ಅವಳಿಗೆ ತನ್ನ ಊರು ಬಿಡುವುದು ಬೇಡ. ಚಿಲ್ಲಿ ಮಕ್ಕಳನ್ನು ಕಾರಿಗೆ ತುಂಬಿಕೊಂಡು ಹುಡುಕಲು ಹೊರಡುತ್ತಾಳೆ. ಕೊನೆಗೆ ಮದುವೆ ಆಗುತ್ತದೆ. ಮನೆಯೂ ಖಾಲಿ ಆಗುತ್ತದೆ. ಎಲ್ಲರೂ ಕಾರಿನಲ್ಲಿ ಕೂತು ಇನ್ನೇನು ಹೊರಡಬೇಕು, ಬ್ಯಾಂಡಿಟ್‌ಗೆ ಫೋನ್ ಬರುತ್ತದೆ. ಕೊಳ್ಳಬೇಕಾಗಿದ್ದವರು ಹಿಂದೆ ಸರಿದಿದ್ದಾರೆ, ಅವರಿಗೆ ಈಜುಕೊಳ ಇರುವ ಬೇರೆ ಮನೆ ಸಿಕ್ಕಿದೆ. ಬ್ಯಾಂಡಿಟ್ ಒಂದು ಕ್ಷಣ ಸುಮ್ಮನಿರುತ್ತಾನೆ. ಆಮೇಲೆ ಹೋಗಿ ಆ ಬೋರ್ಡನ್ನು ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತು ಎಸೆಯುತ್ತಾನೆ. ಚಿಲ್ಲಿ ಓಡಿ ಬಂದು ಅವನ ಮೇಲೆ ಬೀಳುತ್ತಾಳೆ. ಹಿಂದೆ ಗಾಯಕಿ ಮೆಗ್ ವಾಷಿಂಗ್ಟನ್ ಹಾಡು. ಖಾಲಿ ಮನೆಯ ನೆಲದ ಮೇಲೆ ಕೂತು ನಾಲ್ಕೂ ಜನ ಊಟ ಮಾಡುತ್ತಾರೆ.

ನಾನು ಅತ್ತಿದ್ದು ಅಲ್ಲೇ. ಪಕ್ಕದಲ್ಲಿ ಮಗಳು ಬಾಳೆಹಣ್ಣು ತಿನ್ನುತ್ತಾ ಕೂತಿದ್ದಳು. ನನ್ನ ಮುಖ ನೋಡಿ, “ಅಪ್ಪಾ, ಅವರು ಹೋಗಲ್ಲ ಕಣಪ್ಪ, ಯಾಕೆ ಅಳ್ತೀಯ?” ಅಂದಳು. ಮಕ್ಕಳಿಗೆ ಎಲ್ಲ ನೇರ.

ನಾನೊಬ್ಬನೇ ಅಲ್ಲ. ಆ ವಾರ ಪ್ರಪಂಚದ ತುಂಬ ಗಡ್ಡ ಬಿಟ್ಟ ಗಂಡಸರು ಸೋಫಾ ಮೇಲೆ ಕೂತು ಅಳುವ ವಿಡಿಯೊಗಳು. ಅದರಲ್ಲೂ ಒಂದು ದೃಶ್ಯ. ಚಿಲ್ಲಿಯ ಸೋದರಿ ಬ್ರ್ಯಾಂಡಿ ಮದುವೆಗೆ ಬಂದಿದ್ದಾಳೆ, ಹೊಟ್ಟೆ ದೊಡ್ಡದಾಗಿದೆ. ಒಂದೂ ಮಾತಿಲ್ಲ. ಹಳೆಯ ಎಪಿಸೋಡೊಂದರಲ್ಲಿ ಅವಳಿಗೆ ಮಕ್ಕಳಾಗಿಲ್ಲ, ಆಗುವ ಹಾಗೂ ಇಲ್ಲ ಎನ್ನುವುದನ್ನು ಒಂದೆರಡು ಮಾತಿನಲ್ಲಿ ಸೂಚಿಸಿ ಬಿಟ್ಟಿದ್ದರು. ಅದನ್ನು ನೆನಪಿಟ್ಟುಕೊಂಡವರಿಗೆ ಆ ಹೊಟ್ಟೆಯೊಂದೇ ಸಾಕಾಯಿತು. ಮಕ್ಕಳಾಗಲು ವರ್ಷಗಟ್ಟಲೆ ಕಾದವರು ಆ ದೃಶ್ಯಕ್ಕೇ ನಿಲ್ಲಿಸಿ ನಿಲ್ಲಿಸಿ ಅತ್ತರು. ಕೆಲವರಿಗೆ ಅದೇ ದೃಶ್ಯ ಚುಚ್ಚಿತು ಕೂಡ. ಕಾದರೂ ಆಗದವರೂ ಇದ್ದಾರಲ್ಲ.

ಈಗ ಜಗಳಕ್ಕೆ ಬರೋಣ. ಅತ್ತು ಮುಗಿದ ಮೇಲೆ ಅಭಿಮಾನಿಗಳು ಎರಡು ಪಾಳಯ ಆದರು. ಒಂದು ಪಾಳಯ ಹೇಳುತ್ತದೆ, ಇದು ಮೋಸ. ಕೆಲಸಕ್ಕಾಗಿ ಊರು ಬಿಡುವ ಕುಟುಂಬಗಳು ಎಷ್ಟಿಲ್ಲ? ಆ ಮಕ್ಕಳಿಗೆ ಬ್ಲೂಯಿ ಜೊತೆ ಬರುತ್ತಾಳೆ, ಹೊಸ ಊರು, ಹೊಸ ಸ್ಕೂಲು ಹೇಗೆ ಅಂತ ತೋರಿಸುತ್ತಾಳೆ ಅಂತ ಕಾದಿದ್ದೆವು. ಕೊನೆಯ ನಿಮಿಷದಲ್ಲಿ ಬೋರ್ಡು ಕಿತ್ತು ಕೈಕೊಟ್ಟಿರಿ. ಈಗ ನಮ್ಮ ಮಗು ಕೇಳುತ್ತದೆ, ನಮ್ಮಪ್ಪ ಯಾಕೆ ಬೋರ್ಡು ಕೀಳಲಿಲ್ಲ ಅಂತ. ಏನು ಹೇಳೋದು?

ಇನ್ನೊಂದು ಪಾಳಯ ಹೇಳುತ್ತದೆ, ಕಾರ್ಟೂನಿನಲ್ಲಾದರೂ ಒಳ್ಳೇದಾಗಲಿ ಬಿಡ್ರೀ. ಇವರಿಗೆ ಎಪಿಸೋಡಿನೊಳಗೇ ಒಬ್ಬ ವಕೀಲೆ ಇದ್ದಾಳೆ, ಬ್ಲೂಯಿಯ ಟೀಚರ್ ಕ್ಯಾಲಿಪ್ಸೊ. ಕಥೆಗಳೆಲ್ಲ ಯಾಕೆ ಸುಖವಾಗಿ ಮುಗಿಯುತ್ತವೆ ಅಂತ ಬ್ಲೂಯಿ ಕೇಳುತ್ತಾಳೆ. ಇನ್ನೊಂದು ಥರದ ಮುಕ್ತಾಯವನ್ನು ಬದುಕೇ ಬೇಕಾದಷ್ಟು ಕೊಡುತ್ತಲ್ಲ, ಅದಕ್ಕೆ, ಎನ್ನುವ ಅರ್ಥದ ಉತ್ತರ ಕೊಡುತ್ತಾಳೆ ಟೀಚರ್. ಅವಳೇ ಚೀನಾದ ರೈತನ ಕಥೆಯನ್ನೂ ಓದುತ್ತಾಳೆ. ಕುದುರೆ ಓಡಿಹೋಯಿತು, ಊರವರು ಅಯ್ಯೋ ಪಾಪ ಅಂದರು, ರೈತ “ನೋಡೋಣ” ಅಂದ. ಕುದುರೆ ಇನ್ನಷ್ಟು ಕುದುರೆಗಳನ್ನು ಕರೆದುಕೊಂಡು ಬಂತು, ಊರವರು ಅದೃಷ್ಟ ಅಂದರು, ಆಗಲೂ “ನೋಡೋಣ”. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವ ಇಂಥ ರೈತ ನಮ್ಮೂರಲ್ಲಿದ್ದರೆ ಯಾರೂ ಸಾಲ ಕೊಡುತ್ತಿರಲಿಲ್ಲ.

ನಾನು ಎರಡನೇ ಪಾಳಯದಲ್ಲಿದ್ದೆ. ಗಟ್ಟಿಯಾಗಿ ಕೂತಿದ್ದೆ. ನನ್ನನ್ನು ಅಲ್ಲಿಂದ ಎಬ್ಬಿಸಿದ್ದು ಅಮ್ಮ.

ನಮ್ಮಪ್ಪ ಬ್ಯಾಂಕಿನಲ್ಲಿದ್ದರು. ಬ್ಯಾಂಕು ಅಂದರೆ ಟ್ರಾನ್ಸ್‌ಫರ್. ಸಾಗರ, ಹೊಸಪೇಟೆ, ರಾಯಚೂರು, ತಿಪಟೂರು. ನಾನು ಏಳನೇ ಕ್ಲಾಸು ಮುಗಿಸುವ ಹೊತ್ತಿಗೆ ನಾಲ್ಕು ಸ್ಕೂಲಿನ ಟೀಸಿ ಆಗಿತ್ತು. ಈಗ ಅಮ್ಮ ನಮ್ಮ ಜೊತೆ ಬೆಂಗಳೂರಿನಲ್ಲಿದ್ದಾರೆ. ಮಗಳು ಹತ್ತನೇ ಸಲವೋ ಹನ್ನೊಂದನೇ ಸಲವೋ ‘ದ ಸೈನ್’ ಹಾಕಿದಾಗ ಅಮ್ಮ ಅವರೆಕಾಳು ಬಿಡಿಸುತ್ತಾ ಪಕ್ಕದಲ್ಲಿ ಕೂತಿದ್ದರು. ಅಮ್ಮನಿಗೆ ಇಂಗ್ಲಿಷು ಅಷ್ಟಕ್ಕಷ್ಟೇ, ಅದೂ ಆಸ್ಟ್ರೇಲಿಯಾದ ಇಂಗ್ಲಿಷು. ಬೊಂಬೆ ನೋಡುತ್ತಾ ಕಥೆ ತಾವೇ ಕಟ್ಟಿಕೊಳ್ಳುತ್ತಾರೆ. ಬೋರ್ಡು ಕಿತ್ತಾಯಿತು. ಚಿಲ್ಲಿ ಓಡಿ ಬಂದು ಬಿದ್ದಳು. ಅಮ್ಮ ಕೇಳಿದರು, “ಅಲ್ಲ ಕಣೋ, ಆ ಹೆಂಗಸಿಗೆ ಇಷ್ಟ ಇರಲಿಲ್ಲ ಅಂದ್ರೆ ಮೊದಲೇ ಯಾಕೆ ಹೇಳಲಿಲ್ಲ? ಅವಳನ್ನ ಯಾರೂ ಕೇಳಲೇ ಇಲ್ವಾ?”

ನನಗೆ ಉತ್ತರ ಹೊಳೆಯಲಿಲ್ಲ. ಅವತ್ತು ರಾತ್ರಿ ಮತ್ತೆ ಒಬ್ಬನೇ ಹಾಕಿಕೊಂಡು ನೋಡಿದೆ. ಈ ಸಲ ಚಿಲ್ಲಿಯನ್ನು ಮಾತ್ರ.

ನೀವೂ ಒಮ್ಮೆ ಹಾಗೆ ನೋಡಿ. ಬೇರೆಯೇ ಎಪಿಸೋಡು. ಬ್ಲೂಯಿ ಬೇಡ ಅಂತ ನೇರವಾಗಿ ಹೇಳುತ್ತಾಳೆ. ಫ್ರಿಸ್ಕಿಯಂತೂ ಕಾರು ತಿರುಗಿಸಿಕೊಂಡು ಹೋಗುತ್ತಾಳೆ. ಚಿಲ್ಲಿ ಮಾತ್ರ ಎಲ್ಲರಿಗೂ ಸಮಾಧಾನ ಹೇಳುತ್ತಾ ಓಡಾಡುತ್ತಾಳೆ. ಮದುಮಗಳನ್ನು ಹುಡುಕಬೇಕು, ಮಕ್ಕಳನ್ನು ಸಂಭಾಳಿಸಬೇಕು, ನಿಮ್ಮಪ್ಪ ಮಾಡುತ್ತಿರುವುದು ನಮ್ಮ ಒಳ್ಳೇದಕ್ಕೇ ಅಂತ ಮಗಳನ್ನು ಒಪ್ಪಿಸಬೇಕು, ತನ್ನನ್ನೂ ಒಪ್ಪಿಸಿಕೊಳ್ಳಬೇಕು. ತನಗೆ ಬೇಡ ಅಂತ ಬಾಯಿ ಬಿಟ್ಟು ಎಲ್ಲೂ ಹೇಳುವುದಿಲ್ಲ. ಆಗಲೇ ಹೇಳಿದ್ದೆನಲ್ಲ, ಅವಳಿಗೂ ಒಂದು ಕೆಲಸ ಇದೆ ಅಂತ. ಊರು ಬಿಟ್ಟರೆ ಅದು ಏನಾಗುತ್ತದೆ? ಇಪ್ಪತ್ತೆಂಟು ನಿಮಿಷದಲ್ಲಿ ಅದರ ಚರ್ಚೆ ಇಲ್ಲ. ಕೊನೆಯಲ್ಲಿ ಅವಳು ಗಂಡನ ಮೇಲೆ ಹಾರಿ ಬೀಳುವ ರಭಸ ಇದೆಯಲ್ಲ, ಇಷ್ಟು ಹೊತ್ತು ನುಂಗಿಕೊಂಡಿದ್ದೆಲ್ಲ ಅಲ್ಲಿದೆ.

ಅದಕ್ಕೇ ಹೇಳುತ್ತಿದ್ದೇನೆ, ಅಭಿಮಾನಿಗಳು ತಪ್ಪು ಜಾಗದಲ್ಲಿ ಜಗಳ ಆಡುತ್ತಿದ್ದಾರೆ. ಮಕ್ಕಳಿಗೆ ಸುಳ್ಳು ಹೇಳಿದರಾ ಇಲ್ಲವಾ ಅನ್ನುವ ಪ್ರಶ್ನೆ ಬ್ಲೂಯಿಯದು. ಆದರೆ ದೊಡ್ಡವರು ಅತ್ತಿದ್ದು ಬ್ಲೂಯಿಗಾಗಿ ಅಲ್ಲ ಅಂತ ನನಗೆ ಅನ್ನಿಸುತ್ತದೆ. ಒಂದೇ ಎಪಿಸೋಡಿನಲ್ಲಿ ಎರಡು ಜೋಡಿ ಇಟ್ಟಿದ್ದಾರೆ, ಎರಡರಲ್ಲೂ ಒಂದೇ ಮಾತು. ಗಂಡನ ಕೆಲಸ ಎಲ್ಲಿದೆಯೋ ಮನೆ ಅಲ್ಲಿಗೆ. ಒಬ್ಬಳು ಎದ್ದು ಹೋದಳು, ಇನ್ನೊಬ್ಬಳು ಪೆಟ್ಟಿಗೆ ಕಟ್ಟಿದಳು. ಇದನ್ನು ಸುಮ್ನೆ ಪಕ್ಕಪಕ್ಕ ಇಟ್ಟಿದ್ದಾರೆ ಅಂತೀರಾ? ಏಳು ನಿಮಿಷದಲ್ಲಿ ಅಷ್ಟು ಹೇಳುವವರು ಇಪ್ಪತ್ತೆಂಟು ನಿಮಿಷದಲ್ಲಿ ಸುಮ್ನೆ ಏನನ್ನೂ ಇಡುವುದಿಲ್ಲ.

ಹಾಗಂತ ನನಗೆ ತಕರಾರು ಇಲ್ಲವೆಂದಲ್ಲ. ದೊಡ್ಡದೇ ಇದೆ. ಫೋನು! ಆ ಫೋನು ಬರಬಾರದಿತ್ತು. ಕೊಳ್ಳುವವರು ಹಿಂದೆ ಸರಿದ ಮೇಲೆ ಬೋರ್ಡು ಕಿತ್ತರೆ ಏನು ದೊಡ್ಡಸ್ತಿಕೆ? ಚಿಟ್ಟೆ, ಒಂದು ನಾಣ್ಯ, ದುರ್ಬೀನು, ಈಜುಕೊಳ ಅಂತ ಒಂದಕ್ಕೊಂದು ಕೊಂಡಿ ಹಾಕಿ ಅದೃಷ್ಟದ ಮೇಲೆ ಭಾರ ಹಾಕಿದ್ದಾರೆ. ಚೆನ್ನಾಗಿ ಹೆಣೆದಿದ್ದಾರೆ, ಒಪ್ಪುತ್ತೇನೆ. ಆದರೆ ಬ್ಯಾಂಡಿಟ್ ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿ, ಫೋನು ಬರುವ ಮುಂಚೆಯೇ ಕಾರು ನಿಲ್ಲಿಸಿ ಇಳಿದಿದ್ದರೆ? ಕೈಗೆ ಬಂದ ದುಡ್ಡು ಬಿಟ್ಟು ಬೋರ್ಡು ಕಿತ್ತಿದ್ದರೆ? ಆಗ ಅದು ಅವನ ತೀರ್ಮಾನ ಆಗುತ್ತಿತ್ತು. ಈಗ ಅರ್ಧ ಅವನದು, ಅರ್ಧ ಈಜುಕೊಳದ್ದು.

ಮನೆಯನ್ನು ಬೇರೆ ಯಾರಿಗಾದರೂ ಕೊಡಬಹುದಿತ್ತಲ್ಲ, ಕೊಡಲಿಲ್ಲವಲ್ಲ ಅಂತ ನೀವು ಹೇಳಬಹುದು. ನಿಜ. ಅದಕ್ಕೇ ಅರ್ಧ ಅಂದೆ.

ಬ್ಯಾಂಡಿಟ್‌ಗೆ ಬೈಯುವಷ್ಟು ಯೋಗ್ಯತೆ ನನಗಿದೆಯಾ ಅಂದರೆ, ಇಲ್ಲ. ಹೋದ ವರ್ಷ ನನಗೆ ಪುಣೆಯಲ್ಲಿ ಒಂದು ಕೆಲಸ ಬಂದಿತ್ತು. ಸಂಬಳ ಜಾಸ್ತಿ, ಅದೇ ಕಥೆ. ಮನೆಗೆ ಬಂದು ಹೆಂಡತಿಗೆ ಹೇಳಿದ್ದು ಇಷ್ಟು: “ಒಳ್ಳೇ ಅವಕಾಶ. ಹೋಗೋಣ, ಅಲ್ವಾ?” ನಮ್ಮ ಈ ‘ಅಲ್ವಾ’ ಇದೆಯಲ್ಲ, ಭಾರಿ ಚಾಲಾಕಿ ಪದ. ಕೇಳುವ ಹಾಗೆ ಇರುತ್ತದೆ, ಕೇಳುವುದಿಲ್ಲ. ಉತ್ತರ ಮೊದಲೇ ಒಳಗೆ ಕೂತಿರುತ್ತದೆ. ನಾನು ಕೇಳಿದೆ ಅಂತಲೇ ಅಂದುಕೊಂಡಿದ್ದೆ. ಅವಳು, “ನೋಡೋಣ ರೀ” ಅಂದಳು. ಚೀನಾದ ರೈತ ನಮ್ಮ ಅಡುಗೆಮನೆಯಲ್ಲೇ ಇದ್ದ, ನನಗೆ ಗೊತ್ತಾಗಲಿಲ್ಲ. ಆ ಕೆಲಸ ಬೇರೆ ಕಾರಣಕ್ಕೆ ಕೈತಪ್ಪಿತು. ನನ್ನದೂ ಈಜುಕೊಳವೇ.

ಹಾಗಾದರೆ ಮೋಸ ಆಯಿತು ಅನ್ನುವ ಪಾಳಯಕ್ಕೆ ಏನು ಹೇಳೋದು? ಅವರ ನೋವು ನನಗೆ ಗೊತ್ತು, ನಾಲ್ಕು ಟೀಸಿ ಇದೆ ನನ್ನ ಹತ್ತಿರ. ಹೊಸ ಊರಿನ ಮೊದಲ ದಿನ ಕ್ಲಾಸಿನ ಬಾಗಿಲಲ್ಲಿ ನಿಲ್ಲುವ ಬ್ಲೂಯಿಯನ್ನು ನಾನೂ ನೋಡಬೇಕಿತ್ತು. ರಾಯಚೂರಿನಲ್ಲಿ ಮೊದಲ ದಿನ ಹುಡುಗರು ಮಾತಾಡಿದ್ದು ಅರ್ಧ ಅರ್ಥವಾಗದೆ ನಾನು ಸುಮ್ಮನೆ ತಲೆ ಆಡಿಸಿದ್ದೆ. ಆ ಎಪಿಸೋಡು ಅವರು ಮಾಡಿದರೆ ಮತ್ತೆ ಅಳುತ್ತೇನೆ. ಆದರೆ ಅದು ಬೇರೆ ಎಪಿಸೋಡು.

ಖಾಲಿ ಮನೆಯ ನೆಲದ ಮೇಲೆ ಕೂತು ತಿನ್ನುವ ದೃಶ್ಯ ಮಾತ್ರ ನಾಲ್ಕು ಊರು ತಿರುಗಿದವರಿಗೆ ವಿವರಿಸಿ ಹೇಳುವುದು ಬೇಡ. ಲಾರಿ ಹೋಗಿರುತ್ತದೆ. ಪಾತ್ರೆ ಎಲ್ಲ ಗೋಣಿಚೀಲದೊಳಗೆ. ಪಕ್ಕದ ಮನೆಯವರು ಚಿತ್ರಾನ್ನ ಕೊಟ್ಟಿರುತ್ತಾರೆ. ಪೇಪರಿನ ಮೇಲೆ ಬಾಳೆಲೆ ಹಾಸಿಕೊಂಡು ತಿನ್ನಬೇಕು, ಮಾತಾಡಿದರೆ ಗೋಡೆ ಮಾರುತ್ತರ ಕೊಡುತ್ತದೆ. ಉಪ್ಪಿನಕಾಯಿ ಜಾಡಿಯನ್ನು ಅಮ್ಮ ಲಾರಿಗೆ ಕೊಡುತ್ತಿರಲಿಲ್ಲ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬರುತ್ತಿದ್ದರು. ವ್ಯತ್ಯಾಸ ಇಷ್ಟೇ, ಹೀಲರ್ ಕುಟುಂಬ ಊಟ ಮುಗಿಸಿ ಅಲ್ಲೇ ಉಳಿಯುತ್ತದೆ. ನಾವು ಎಲೆ ಎಸೆದು ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದೆವು.

ಮಾರನೇ ದಿನ ಅಮ್ಮನನ್ನು ಕೇಳಿದೆ. “ಅಮ್ಮ, ಸಾಗರ ಬಿಡುವಾಗ ಅಪ್ಪ ಹೀಗೆ ಕೊನೇ ಗಳಿಗೆಯಲ್ಲಿ, ಬೇಡ, ಇಲ್ಲೇ ಇರೋಣ ಅಂದಿದ್ರೆ ನೀನೇನು ಮಾಡ್ತಿದ್ದೆ?”

ಅಮ್ಮ ಒಂದು ನಿಮಿಷ ಯೋಚನೆ ಮಾಡಿದರು. “ಲಾರಿಯವನಿಗೆ ಅಡ್ವಾನ್ಸ್ ಕೊಟ್ಟಾಗಿತ್ತಲ್ಲೋ. ಅವನು ವಾಪಸ್ ಕೊಡ್ತಿದ್ನಾ?” ಅಂದು ಒಳಗೆ ಹೋದರು.

ನಾನು ನಕ್ಕು ಲ್ಯಾಪ್‌ಟಾಪ್ ತೆರೆದೆ. ಸ್ವಲ್ಪ ಹೊತ್ತಾದ ಮೇಲೆ ಒಗ್ಗರಣೆ ಸದ್ದಿನ ನಡುವೆ ಅಡುಗೆಮನೆಯಿಂದ ದನಿ ಬಂತು. “ಸಾಗರದ ಮನೆ ಆದ್ರೆ, ಹೋದ್ರೆ ಹೋಗ್ಲಿ ಅಡ್ವಾನ್ಸು ಅಂತಿದ್ದೆ.”