ಕಾಟಾ ಸರಿಯಿದೆಯೇ?

ಶ್ರೋತೃಗಳಿಗೆ ನಮಸ್ಕಾರ. ಕಬ್ಬಿನ ಟ್ರ್ಯಾಕ್ಟರನ್ನು ಕಾಟಾದ, ಅಂದರೆ ತೂಕದ ಯಂತ್ರದ, ಮೇಲೆ ಏರಿಸುವ ಮೊದಲು ‘ಕಾಟಾ ಸರಿಯಿದೆಯೇ?’ ಎಂದು ಕೇಳುವವರು ನಮ್ಮ ಬೆಳಗಾವಿಯ ರೈತರು. ಕೈದಿಯ ಸ್ವಭಾವವನ್ನು ಪ್ರಶ್ನಾವಳಿಯಲ್ಲಿ ತೂಗುವಾಗ ಮಾತ್ರ ಈ ಮಾತನ್ನು ಯಾರೂ ಎತ್ತುವುದಿಲ್ಲ. ಇಂದು ನಾನು ಹೇಳಬೇಕೆಂದಿರುವುದು ಇದೊಂದೇ.

ನಾನು ಹೇಳುತ್ತಿರುವ ವ್ಯಕ್ತಿತ್ವ ಪರೀಕ್ಷೆ ಎಂದರೆ ‘ಹೌದು’ ಅಥವಾ ‘ಅಲ್ಲ’ ಎಂದು ಉತ್ತರಿಸಬೇಕಾದ ಹೇಳಿಕೆಗಳ ಪಟ್ಟಿ. ಹೆಸರುವಾಸಿಯಾದ ಮಿನೆಸೋಟ ಪರೀಕ್ಷೆ ಪ್ರಕಟವಾದದ್ದು 1943ರಲ್ಲಿ. ಅದರಲ್ಲಿ ಹೋಲಿಕೆಗಾಗಿ ‘ಸಾಮಾನ್ಯರು’ ಎಂದು ಎಣಿಸಿದವರಲ್ಲಿ ಬಹಳ ಮಂದಿ, ಅಮೆರಿಕದ ಆಸ್ಪತ್ರೆಗೆ ರೋಗಿಗಳನ್ನು ನೋಡಲು ಬಂದಿದ್ದ ನೆಂಟರಿಷ್ಟರು. ಅವರ ಅಳತೆಯಲ್ಲಿ ಹಿಂಡಲಗಾ ಜೈಲಿನ ಕೈದಿಯನ್ನು ಅಳೆದರೆ ಏನು ಸಿಕ್ಕೀತು?

ಹಲವು ವರ್ಷಗಳ ಹಿಂದೆ ಒಂದು ಜೈಲಿನಲ್ಲಿ ಅಥಣಿ ಕಡೆಯ ಹಿರಿಯರೊಬ್ಬರ ಎದುರು ಕುಳಿತಿದ್ದೆ. ಅವರಿಗೆ ಓದು ಬರಹ ಬಾರದು, ಪರೀಕ್ಷೆಯ ಹೇಳಿಕೆಗಳನ್ನು ನಾನೇ ಓದಿ ಹೇಳುತ್ತಿದ್ದೆ. ‘ಯಾರೋ ನನ್ನನ್ನು ಸದಾ ಗಮನಿಸುತ್ತಿದ್ದಾರೆ.’ ಅವರು ಕಿಟಕಿಯಾಚೆಯ ಕಾವಲು ಗೋಪುರದತ್ತ ಕೈ ತೋರಿಸಿದರು. ‘ಯವ್ವಾ, ಅಲ್ಲಿ ನಿಂತವನ ಕೆಲಸವೇ ಅದಲ್ಲವೇ?’ ಹೌದು ಎಂದು ಗುರುತು ಹಾಕಿಕೊಂಡೆ. ‘ರಾತ್ರಿ ನಿದ್ದೆ ಸರಿಯಾಗಿ ಬರುವುದಿಲ್ಲ.’ ‘ನೆತ್ತಿಯ ಮೇಲೆ ಬೆಳಗಿನವರೆಗೂ ದೀಪ ಉರಿಯುತ್ತದೆ, ಹೇಗೆ ಬಂದೀತು?’ ಮತ್ತೆ ಹೌದು. ‘ಮನೆಯವರು ನನ್ನನ್ನು ದೂರ ಮಾಡಿದ್ದಾರೆ.’ ಹೆಗಲ ಮೇಲಿನ ಟವೆಲಿನ ಅಂಚನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಬಹಳ ಹೊತ್ತಿನ ಮೇಲೆ, ‘ಎರಡು ದೀಪಾವಳಿ ಆದವು, ಮಗ ಭೇಟಿಗೆ ಬಂದಿಲ್ಲ’ ಎಂದರು. ಸಂಜೆ ಅಂಕ ಕೂಡಿಸಿದರೆ, ಸಂಶಯದ ಮನೋರೋಗ ಎಂಬ ಉತ್ತರ ಬಂತು. ಇದ್ದದ್ದನ್ನು ಇದ್ದಂತೆ ಹೇಳಿದ ಮನುಷ್ಯನಿಗೆ ರೋಗದ ಹಣೆಪಟ್ಟಿ! ಆ ಹಾಳೆಯನ್ನು ನಾನು ಕಡತಕ್ಕೆ ಸೇರಿಸಲಿಲ್ಲ.

ಸಮಯ ಮುಗಿಯುತ್ತಾ ಬಂತು, ಬೇಗ ಹೇಳುತ್ತೇನೆ. ನಮ್ಮ ದೇಶದ ಜೈಲುಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರು. ಜಾಮೀನಿನ ದಾರಿ ಕಾಯುತ್ತಿರುವವನು ಒಳ್ಳೆಯವನಂತೆ ಉತ್ತರಿಸದೆ ಇನ್ನೇನು ಮಾಡಿಯಾನು? ಪರೀಕ್ಷೆಯನ್ನು ಕನ್ನಡಕ್ಕೋ ಮರಾಠಿಗೋ ತಂದುಬಿಟ್ಟರೆ ಸಾಲದು. ಕೈದಿಗಳದ್ದೇ ಬೇರೆ ಸರಾಸರಿ ತೆಗೆಯಬೇಕು. ತಿಂಗಳು ಬಿಟ್ಟು ಮತ್ತೆ ಕೇಳಿ, ಅದೇ ಅಂಕ ಬರುತ್ತದೆಯೇ ನೋಡಬೇಕು. ಜಗಳಗಂಟ ಎಂದು ಪರೀಕ್ಷೆ ಹೇಳಿದವನು ಮುಂದಿನ ಆರು ತಿಂಗಳಲ್ಲಿ ನಿಜಕ್ಕೂ ಜಗಳವಾಡಿದನೇ ಎಂದು ಜೈಲಿನ ದಾಖಲೆ ತೆರೆದು ನೋಡಬೇಕು. ಇದಕ್ಕೆಲ್ಲ ಒಂದು ವರ್ಷ ಬೇಕು ಎಂದರೆ, ‘ಅಷ್ಟು ದಿನ ಯಾರು ಕಾಯುತ್ತಾರೆ’ ಎನ್ನುತ್ತಾರೆ. ಕಾಯಲೇಬೇಕು, ಕಾಟಾ ಪರೀಕ್ಷಿಸದೆ ತೂಗಬಾರದು.

ಮನಶ್ಶಾಸ್ತ್ರ ಓದುತ್ತಿರುವ ಮಕ್ಕಳು ಯಾರಾದರೂ ಕೇಳುತ್ತಿದ್ದರೆ, ನಿಮ್ಮ ಕೈಗೆ ಕೊಟ್ಟ ಪ್ರಶ್ನಾವಳಿಯನ್ನು ಯಾವ ಜೈಲಿನಲ್ಲಿ, ಎಷ್ಟು ಕೈದಿಗಳ ಮೇಲೆ ಪರಿಶೀಲಿಸಿದ್ದಾರೆ ಎಂದು ನಾಳೆಯೇ ನಿಮ್ಮ ಗುರುಗಳನ್ನು ಕೇಳಿ. ನಮಸ್ಕಾರ.