ನೊವೊಲಿಪ್ಕಿ ಬೀದಿಯ ನೆಲಮಾಳಿಗೆ

ಕೇಳುಗರೇ, ನಮಸ್ಕಾರ.

ಎರಡನೇ ಮಹಾಯುದ್ಧದ ಕಾಲದ, ಪೋಲೆಂಡಿನ ವಾರ್ಸಾ ನಗರದಲ್ಲಿ ನಡೆಯುವ ಕಾದಂಬರಿಗಳನ್ನು ನೀವೂ ಓದಿರಬಹುದು. ಗೋಡೆಯ ಸಂದಿಯಲ್ಲಿ ನುಸುಳಿ ಆಲೂಗಡ್ಡೆ ತರುವ ಹುಡುಗ, ಗಂಜಿ ಕೇಂದ್ರದ ಮುಂದಿನ ಸಾಲು, ದಿನದಿನಕ್ಕೆ ಏರುವ ಬ್ರೆಡ್ಡಿನ ಬೆಲೆ. ಇಷ್ಟು ಸಣ್ಣ ವಿವರ ಎಲ್ಲಿಂದ ಬಂತು ಎಂದು ಹುಡುಕಹೊರಟಾಗ ನನಗೆ ಎದುರಾದವರು ಇತಿಹಾಸಕಾರ ಎಮಾನುಯೆಲ್ ರಿಂಗೆಲ್‌ಬ್ಲುಮ್.

1940ರ ನವೆಂಬರಿನಲ್ಲಿ ನಾಜಿಗಳು ವಾರ್ಸಾದ ಯಹೂದಿಗಳನ್ನು ಒಂದೇ ಕೇರಿಗೆ ತಳ್ಳಿ, ಸುತ್ತ ಗೋಡೆ ಹಾಕಿ ಮುಚ್ಚಿಬಿಟ್ಟರು. ಒಳಗೆ ನಾಲ್ಕು ಲಕ್ಷಕ್ಕೂ ಮಿಕ್ಕಿ ಜನ. ಹಸಿವು, ಟೈಫಸ್ ಜ್ವರ. ಅಲ್ಲಿ ರಿಂಗೆಲ್‌ಬ್ಲುಮ್ ಹತ್ತಾರು ಜನರನ್ನು ಗುಟ್ಟಾಗಿ ಕೂಡಿಸಿ ಬರೆಯಲು ಹಚ್ಚಿದರು. ಸೇರುತ್ತಿದ್ದದ್ದು ಶನಿವಾರ, ಅಂದರೆ ಯಹೂದಿಗಳ ವಿಶ್ರಾಂತಿಯ ದಿನವಾದ ಸಬ್ಬತ್ತಿನಂದು, ಹಾಗಾಗಿ ಗುಂಪಿನ ಗುಪ್ತನಾಮ ‘ಓನೆಗ್ ಶಬ್ಬತ್’, ಸಬ್ಬತ್ತಿನ ಸಂತೋಷ. ಡೈರಿ, ಪಡಿತರ ಚೀಟಿ, ಟ್ರಾಮ್ ಟಿಕೆಟ್, ನಾಟಕದ ಭಿತ್ತಿಪತ್ರ, ಮಿಠಾಯಿ ಸುತ್ತಿದ ಕಾಗದ, ಯಾವುದನ್ನೂ ಬಿಡಲಿಲ್ಲ. ಗಂಜಿ ಕೇಂದ್ರ ನಡೆಸುತ್ತಿದ್ದ ರೇಚಲ್ ಅವರ್ಬಾಖ್ ಅಲ್ಲಿಗೆ ಬರುವವರ ಬಗ್ಗೆ ಬರೆದರು. ದಿನವೂ ಗಂಜಿ ಬಡಿಸುತ್ತಿದ್ದರೂ ಅವರು ಕಣ್ಣೆದುರೇ ಸೊರಗಿ ಸಾಯುತ್ತಿದ್ದರು. ಯಾವ ಕಾದಂಬರಿಯೂ ನನ್ನನ್ನು ಇಷ್ಟು ಅಲುಗಾಡಿಸಿಲ್ಲ.

1942ರ ಜುಲೈ 22ರಿಂದ ಟ್ರೆಬ್ಲಿಂಕಾದ ಕೊಲೆಶಿಬಿರಕ್ಕೆ ರೈಲುಗಳು ಹೊರಟವು. ಎರಡೇ ತಿಂಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಒಯ್ದರು. ಆಗಸ್ಟ್ ಮೊದಲ ವಾರ ನೊವೊಲಿಪ್ಕಿ ಬೀದಿಯ 68ನೇ ನಂಬರಿನ ಶಾಲೆಯ ನೆಲಮಾಳಿಗೆಯಲ್ಲಿ ಶಿಕ್ಷಕ ಇಸ್ರಾಯೆಲ್ ಲಿಖ್ಟೆನ್‌ಸ್ಟೈನ್ ಇಬ್ಬರು ಹುಡುಗರ ಜೊತೆ ಹತ್ತು ತಗಡಿನ ಪೆಟ್ಟಿಗೆಗಳನ್ನು ಹೂಳಿದರು. ಅವರಲ್ಲೊಬ್ಬ ದಾವಿದ್ ಗ್ರಾಬರ್; ವಯಸ್ಸು 19. ಲೋಕಕ್ಕೆ ಕೂಗಿ ಹೇಳಲಾಗದ್ದನ್ನು ಮಣ್ಣಿನಲ್ಲಿ ಹೂತಿದ್ದೇವೆ, ಇದು ಹೊರಬರುವ ಗಳಿಗೆ ನೋಡುವ ಆಸೆ ನನಗೆ ಎಂದು ಬರೆದು, ಆ ಹಾಳೆಯನ್ನೂ ಒಳಗಿಟ್ಟ. ಮುಂದಿನ ವರ್ಷ ಇನ್ನಷ್ಟು ಬರಹಗಳು ಎರಡು ಹಾಲಿನ ಕ್ಯಾನುಗಳಲ್ಲಿ ಅದೇ ನೆಲ ಸೇರಿದವು.

ಸುಮಾರು 60 ಜನರ ಆ ಗುಂಪಿನಲ್ಲಿ ಬದುಕಿ ಉಳಿದವರು ಮೂವರು. ರೇಚಲ್ ಒಬ್ಬರು. ಅಗೆದು ತೆಗೆಯಲೇಬೇಕೆಂದು ಅವರು ಪಟ್ಟು ಹಿಡಿದರು. ಜಾಗ ಬಲ್ಲವರು ಇನ್ನೊಬ್ಬರು, ಹೆರ್ಷ್ ವಾಸರ್. ಆದರೆ ಗುರುತಿಗೆ ಬೀದಿಯೇ ಇರಲಿಲ್ಲ. ನಾಜಿಗಳು ಕೇರಿಯನ್ನೇ ನೆಲಸಮ ಮಾಡಿದ್ದರು. ಇಟ್ಟಿಗೆ ಗುಡ್ಡೆಗಳ ನಡುವೆ ಸಂತ ಅಗಸ್ಟಿನರ ಚರ್ಚಿನ ಗೋಪುರ ನಿಂತಿತ್ತು. 1946ರ ಸೆಪ್ಟೆಂಬರ್ 18ರಂದು ಪೆಟ್ಟಿಗೆಗಳು ಸಿಕ್ಕವು. ನೀರು ಇಳಿದು ಹಾಳೆಗಳು ಒಂದಕ್ಕೊಂದು ಅಂಟಿ ಬೂಷ್ಟು ಹಿಡಿದಿದ್ದವು. ಒಂದೊಂದನ್ನೇ ಬಿಡಿಸಿ ಒಣಗಿಸಿದರು. ಅವುಗಳಲ್ಲಿ ದಾವಿದನ ಹಾಳೆಯೂ ಇತ್ತು.