ಹೊಸದಾಗಿ ಬಂದ ಮೆಳ್ಳೆಗಣ್ಣು: ಕಾರಣ ತಲೆಯೊಳಗೂ ಇರಬಹುದು

ನಮಸ್ಕಾರ. ಹತ್ತು ವರ್ಷದ ಹುಡುಗ ಅಂದುಕೊಳ್ಳಿ. ಇಷ್ಟು ದಿನ ಕಣ್ಣು ನೆಟ್ಟಗಿತ್ತು. ಈಗ ಒಂದು ಕಣ್ಣು ಮೂಗಿನ ಕಡೆ ತಿರುಗುತ್ತಿದೆ. ಪುಸ್ತಕ ಓದಲು ತೊಂದರೆಯಿಲ್ಲ, ದೂರದ ಬಸ್ಸು ಮಾತ್ರ ಎರಡೆರಡಾಗಿ ಕಾಣುತ್ತದೆ. 'ಮೆಳ್ಳೆಗಣ್ಣು ಅದೃಷ್ಟ, ಬಿಡಿ' ಅಂತ ಯಾರೋ ಹೇಳುತ್ತಾರೆ. ದಯವಿಟ್ಟು ಬಿಡಬೇಡಿ.

ಹಾಗಂತ ಗಾಬರಿಯೂ ಬೇಡ. ಎರಡು-ಮೂರು ವರ್ಷಕ್ಕೆ ಶುರುವಾಗುವ ಮೆಳ್ಳೆಗಣ್ಣಿಗೆ ಬಹಳ ಸಲ ಪ್ಲಸ್ ಪವರ್ ಕಾರಣ. ಕನ್ನಡಕ ಹಾಕಿದರೆ ಸರಿಹೋಗುತ್ತದೆ. ಮೆದುಳಿನ ತೊಂದರೆಯಿಂದ ಬರುವುದು ಅಪರೂಪ. ಆದರೆ ದೊಡ್ಡ ಮಕ್ಕಳಲ್ಲಿ, ದೊಡ್ಡವರಲ್ಲಿ ಹೊಸದಾಗಿ ಬಂದರೆ ಆ ಕಡೆಗೂ ನೋಡಲೇಬೇಕು.

[ತೆರೆಯ ಮೇಲೆ: ತಲೆಬುರುಡೆಯ ಪಕ್ಕನೋಟ]

ಮೆದುಳಿನ ಕಡೆಯಿಂದ ಬರುವ ಒಂದು ಕಾರಣ ಇದು: ಕಿಯಾರಿ ಒಂದನೇ ಬಗೆ ಎಂಬ ತೊಂದರೆ. ಹನ್ಸ್ ಕಿಯಾರಿ ಎಂಬ ವೈದ್ಯರು 1891ರಲ್ಲಿ ಇದನ್ನು ವಿವರಿಸಿದರು. ತಲೆಯ ಹಿಂದೆ, ಕೆಳಗೆ ಕಿರುಮೆದುಳು ಇದೆ. ಬುರುಡೆಯ ತಳದಲ್ಲಿ ಬೆನ್ನುಹುರಿ ಇಳಿಯುವ ರಂಧ್ರ. ಕಿರುಮೆದುಳಿನ ತುದಿ ಆ ರಂಧ್ರದಿಂದ ಸಾಮಾನ್ಯವಾಗಿ 5 ಮಿಲಿಮೀಟರ್‌ಗಿಂತ ಜಾಸ್ತಿ ಕೆಳಗಿಳಿದಿರುತ್ತದೆ, ಬಾಟಲಿಯ ಬಾಯಿಗೆ ಬಿರಡೆ ಸಿಕ್ಕಿಕೊಂಡ ಹಾಗೆ. ಮೆದುಳಿನ ಸುತ್ತಲಿನ ದ್ರವ ಸಲೀಸಾಗಿ ಹರಿಯುವುದಿಲ್ಲ. ಎರಡೂ ಕಣ್ಣನ್ನು ಹೊಂದಿಸಿ ನಡೆಸುವ ಭಾಗಗಳೂ ಅಲ್ಲೇ ಇವೆ, ಅಲ್ವಾ? ಅವಕ್ಕೆ ಒತ್ತಡ ಬಿದ್ದರೆ ದೂರ ನೋಡುವಾಗ ಕಣ್ಣು ಹೊರಗೆ ಸರಿಯದೆ ಒಳಗೇ ಉಳಿಯಬಹುದು.

ಮೋಸ ಹೋಗುವುದು ಇಲ್ಲೇ. ಕಣ್ಣು ಎಲ್ಲ ದಿಕ್ಕಿಗೂ ಚೆನ್ನಾಗಿ ತಿರುಗುತ್ತದೆ. ನರ ಸೋತಂತೆ ಕಾಣುವುದಿಲ್ಲ. ನೋಡಿದವರಿಗೆ ಮಾಮೂಲಿ ಮೆಳ್ಳೆಗಣ್ಣೇ.

ಅದಕ್ಕೇ ಬೇರೆ ಸುಳಿವು ಹುಡುಕಬೇಕು. ಕೆಮ್ಮಿದಾಗ, ಸೀನಿದಾಗ ತಲೆಯ ಹಿಂಭಾಗ ನೋಯುತ್ತದಾ? ನಡೆಯುವಾಗ ತೂರಾಡುತ್ತಾರಾ? ಕಣ್ಣುಗುಡ್ಡೆ ಕೆಳಕ್ಕೆ ಪಟಪಟನೆ ಬಡಿಯುತ್ತದಾ? ಈ ಕೊನೆಯದು ಕಂಡರೆ ವೈದ್ಯರು ಎಂಆರ್‌ಐ ಮಾಡಿಸದೆ ಬಿಡುವುದಿಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಈ ಜಾಗ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ಕಿಯಾರಿ ಕಂಡವರಿಗೆಲ್ಲ ಆಪರೇಷನ್ ಬೇಕಿಲ್ಲ. ಎಷ್ಟೋ ಜನರಿಗೆ ಯಾವ ತೊಂದರೆಯೂ ಇರುವುದಿಲ್ಲ. ತೊಂದರೆ ಅದರಿಂದಲೇ ಎಂದು ಖಚಿತವಾದರೆ ನ್ಯೂರೋಸರ್ಜನ್ ಹಿಂಬದಿಯ ಮೂಳೆ ಸ್ವಲ್ಪ ತೆಗೆದು ಜಾಗ ಮಾಡುತ್ತಾರೆ. ಆಮೇಲೆ ಕೆಲವರ ಕಣ್ಣು ತಾನಾಗಿ ನೆಟ್ಟಗಾಗಿದೆ. ಸುಮ್ನೆ ಕಣ್ಣಿನ ಆಪರೇಷನ್ ಮಾತ್ರ ಮಾಡಿಸಿದರೆ ಮೆಳ್ಳೆ ಮರಳಿ ಬರಬಹುದು.

ಕಣ್ಣಿನ ವೈದ್ಯರ ಹತ್ತಿರ ಹೋಗುವಾಗ ಹಳೆಯ ಫೋಟೋಗಳನ್ನು ಒಯ್ಯಿರಿ. ಮೆಳ್ಳೆ ಯಾವಾಗ ಶುರುವಾಯಿತು ಎಂದು ಅವರಿಗೆ ತಿಳಿಯುತ್ತದೆ. ಜೊತೆಗೆ ವಾಂತಿ, ಜೋರು ತಲೆನೋವು ಇದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.